ಗಾಲಿ ನಡುವಿನ ಆ ಒಂದು ನಟ್ಟು

ಮೋಟೆಬೆನ್ನೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48 ಬಿಟ್ಟು ಬ್ಯಾಡಗಿ ಕಡೆ ತಿರುಗುವ ಕಾರುಗಳಲ್ಲಿ ಕೆಲವು, ಸ್ಟಿಯರಿಂಗ್ ಪೂರ್ತಿ ಎಳೆದ ಕೂಡಲೇ ಸದ್ದು ಮಾಡತೊಡಗುತ್ತವೆ. ಮುಂದಿನ ಗಾಲಿಯೊಳಗಿಂದ ಟಕ್, ಟಕ್, ಟಕ್. ವೇಗ ಏರಿದಷ್ಟೂ ಟಕಟಕ ಒತ್ತೊತ್ತಾಗುತ್ತದೆ. ತಿರುವು ಮುಗಿದು ಗಾಡಿ ನೇರವಾದರೆ ನಿಲ್ಲುತ್ತದೆ. ನಿಂತಿತಲ್ಲ ಎಂದು ತಿಂಗಳುಗಟ್ಟಲೆ ಓಡಿಸುವವರೇ ಹೆಚ್ಚು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ಊರಿನ ಗ್ಯಾರೇಜಿಗೆ ಆ ಗಾಡಿ ಹೋದರೂ ಮಿಸ್ತ್ರಿಯ ಮಾತು ಒಂದೇ: “ಆಕ್ಸೆಲ್ ಹೋಗೇತ್ರಿ ಸಾಹೇಬ್ರ, ಬಿಚ್ಚಬೇಕು.”

ಬಿಚ್ಚುವುದು ನೋಡುವವರ ಕಣ್ಣಿಗೆ ದೊಡ್ಡ ಕೆಲಸ. ಉದ್ದನೆಯ ಪೈಪು, ಸುತ್ತಿಗೆ, ಎರಡಾಳಿನ ಬಲ, ಸುರಿಯುವ ಕಪ್ಪು ಗೇರ್ ಆಯಿಲ್. ಕೂರಿಸುವಾಗ ಅಷ್ಟೆಲ್ಲ ಗದ್ದಲವಿರುವುದಿಲ್ಲ, ಹಾಗಾಗಿ ಅದನ್ನು ಯಾರೂ ನಿಂತು ನೋಡುವುದಿಲ್ಲ. ಆದರೆ ಗಾಡಿಯ ಮುಂದಿನ ಐವತ್ತು ಸಾವಿರ ಕಿಲೋಮೀಟರಿನ ಭವಿಷ್ಯ ನಿರ್ಧಾರವಾಗುವುದು ಕೂರಿಸುವಾಗಲೇ. ಅದರಲ್ಲೂ ಹಬ್ಬಿನ ನಟ್ಟನಡುವೆ ಬರುವ ಒಂದೇ ಒಂದು ದೊಡ್ಡ ನಟ್ಟನ್ನು ಎಷ್ಟು ಬಿಗಿದರು ಎಂಬುದರ ಮೇಲೆ. ಈ ನಟ್ಟಿಗೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಿಗಬೇಕಾದಷ್ಟು ಮರ್ಯಾದೆ ಇನ್ನೂ ಸಿಕ್ಕಿಲ್ಲ. ಅದಕ್ಕೆ ಮಿಸ್ತ್ರಿಗಳನ್ನಷ್ಟೇ ದೂರುವಂತಿಲ್ಲ. ಗಾಡಿ ಮಾಲೀಕರಾದ ನಾವೂ ಎಂದೂ ಕೇಳಿಲ್ಲ.

ಗಾಲಿ ಮತ್ತು ಇರಸಿನ ನಂಟು ಈ ಸೀಮೆಗೆ ಹೊಸದಲ್ಲ. ಚಕ್ಕಡಿಯಲ್ಲಿ ಇರಸು ತಿರುಗುವುದಿಲ್ಲ; ಅದರ ತುದಿಯ ಮೇಲೆ ಗಾಲಿಯ ಗುಂಭ ಕೂತು ತಿರುಗುತ್ತದೆ, ಹೊರಗೆ ಜಾರದಂತೆ ಒಂದು ಕಡೆಗೀಲು ತಡೆಯುತ್ತದೆ. ನಡುವೆ ಕೀಲೆಣ್ಣೆ. ಕಡೆಗೀಲಿಲ್ಲದ ಬಂಡಿ ನಡೆಯದು ಎಂಬುದನ್ನು ಜೇಡರ ದಾಸಿಮಯ್ಯ ಸಾವಿರ ವರ್ಷಗಳಷ್ಟು ಹಿಂದೆಯೇ ವಚನದಲ್ಲಿ ತಂದಿದ್ದಾನೆ. ನಮ್ಮ ಹಳ್ಳಿಗಳ ಬಡಿಗೇರರಿಗೂ ಕಮ್ಮಾರರಿಗೂ ಗುಂಭದೊಳಗಿನ ಸಡಿಲ ಎಷ್ಟಿರಬೇಕು ಎಂಬುದು ಕೈಗೆ ಗೊತ್ತಿತ್ತು. ಕಾರಿನಲ್ಲಿ ಆ ಲೆಕ್ಕವೇ ಬೇರೆ. ಇಲ್ಲಿ ಆಕ್ಸೆಲ್ ತಾನೂ ತಿರುಗಿ ಗಾಲಿಯನ್ನೂ ತಿರುಗಿಸಬೇಕು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಗಾಲಿಗೆ. ಹಿಂದಿನ ಗಾಲಿ ಎಡಕ್ಕೆ ಬಲಕ್ಕೆ ತಿರುಗಬೇಕಾಗಿಲ್ಲವಾದ್ದರಿಂದ ಉಕ್ಕಿನ ನೇರ ಸರಳು ಸಾಕಾಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಬಲ ಮುಂದಿನ ಗಾಲಿಗೆ. ಮುಂದಿನ ಗಾಲಿ ರಸ್ತೆಯ ಏರಿಳಿತಕ್ಕೆ ಮೇಲೆ ಕೆಳಗೆ ಆಡಬೇಕು, ಸ್ಟಿಯರಿಂಗಿಗೆ ತಕ್ಕಂತೆ ಪಕ್ಕಕ್ಕೂ ತಿರುಗಬೇಕು, ಅಷ್ಟರ ನಡುವೆ ಎಂಜಿನ್ನಿನ ಬಲವನ್ನು ಒಂದೇ ಸಮನೆ ಪಡೆಯುತ್ತಿರಬೇಕು. ಲಾರಿಯ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವ ಕ್ರಾಸ್ ಜಾಯಿಂಟನ್ನು ಇಲ್ಲಿಗೆ ಹಾಕಿದರೆ ಆಗದು. ಕೋನದಲ್ಲಿ ಬಾಗಿದಾಗ ಕ್ರಾಸ್ ಒಂದು ಸುತ್ತಿನಲ್ಲೇ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ, ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರೆಪ್ಪಾ 1920ರ ದಶಕದಲ್ಲಿ ಇದಕ್ಕೆ ಪರಿಹಾರ ಕಂಡ. ಆರು ಉಕ್ಕಿನ ಗುಂಡುಗಳು ಬಾಗಿದ ಹಾದಿಗಳಲ್ಲಿ ಓಡುತ್ತ, ಕೋನ ಎಷ್ಟೇ ಇರಲಿ, ಸದಾ ಅದರ ಸರಿ ಅರ್ಧದ ಗೆರೆಯಲ್ಲಿ ನಿಲ್ಲುವಂತೆ ಮಾಡಿದ. ಒಳಬರುವ ವೇಗವೂ ಹೊರಹೋಗುವ ವೇಗವೂ ಒಂದೇ. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಅದನ್ನು ಜನರ ಗಾಡಿಗೆ ತಂದಿತು. ಇವತ್ತು ನಮ್ಮ ಆಲ್ಟೊ, ಸ್ವಿಫ್ಟ್, ಐ20 ಯಾವುದರ ಗಾಲಿಯ ಹಿಂದೆ ಕೈ ಹಾಕಿದರೂ ಸಿಗುವ ಸಿವಿ ಜಾಯಿಂಟ್ ಅದೇ. ಗೇರ್‌ಬಾಕ್ಸಿನ ಕಡೆ ಇನ್ನೊಂದು ಜಾಯಿಂಟಿದೆ. ಹೆಚ್ಚಾಗಿ ಮೂರು ಉರುಳೆಗಳದ್ದು, ಉದ್ದಕ್ಕೆ ಒಳಹೊರಗೆ ಜಾರಬಲ್ಲದ್ದು. ಇವೆರಡೂ ಸೇರಿದ ಸರಳನ್ನು ಪುಸ್ತಕ ಡ್ರೈವ್ ಶಾಫ್ಟ್ ಎನ್ನುತ್ತದೆ, ಗ್ಯಾರೇಜು ಆಕ್ಸೆಲ್ ಎನ್ನುತ್ತದೆ.

ಈ ಜಾಯಿಂಟಿನ ಜೀವ ಇರುವುದು ಅದರ ಮೇಲಿನ ರಬ್ಬರ್ ಬೂಟಿನಲ್ಲಿ. ಒಳಗೆ ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸು ತುಂಬಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದಿರುತ್ತಾರೆ. ಬೂಟು ಬಿರುಕು ಬಿಟ್ಟರೆ, ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮಿ ರಿಮ್ಮಿನ ಒಳಮೈಗೆ ಮೆತ್ತುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ದೂಳು ಸೇರುತ್ತದೆ. ನಮ್ಮ ಜಿಲ್ಲೆಯಲ್ಲಿ ದೂಳಿಗೆ ಬರವಿಲ್ಲ. ಹೆದ್ದಾರಿ ಕನ್ನಡಿಯಂತಿದ್ದರೂ ಅದರಿಂದ ಇಳಿದ ಮೇಲೆ ಹೊಲದ ದಾರಿಗಳೇ. ಮಳೆಗಾಲದಲ್ಲಿ ಎರೆಮಣ್ಣು ಬೂಟಿನ ಮಡಿಕೆಗಳಿಗೆ ಮೆತ್ತಿ ಒಣಗುತ್ತದೆ, ಬೇಸಿಗೆಯಲ್ಲಿ ಅದೇ ಮಣ್ಣು ಗಟ್ಟಿಯಾಗಿ ರಬ್ಬರನ್ನು ಉಜ್ಜುತ್ತದೆ.

ಸುಗ್ಗಿಯಲ್ಲಿ ಇನ್ನೊಂದು ಅಪಾಯ. ಹುರುಳಿ, ಸೋಯಾ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರವಿ ವಾಹನಗಳಿಂದ ಒಕ್ಕಣೆ ಮಾಡಿಸುವುದು ಈಗಲೂ ಇದೆ. ಕಣ ಮಾಡುವ ಜಾಗವಿಲ್ಲದ, ಆಳು ಸಿಗದ ರೈತನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಒಣಬಳ್ಳಿ ತಿರುಗುತ್ತಿರುವ ಆಕ್ಸೆಲ್ಲಿಗೆ ಸುತ್ತಿಕೊಂಡರೆ ಬೂಟು ಹರಿಯುತ್ತದೆ, ಗೇರ್‌ಬಾಕ್ಸಿನ ಆಯಿಲ್ ಸೀಲು ಹಾಳಾಗುತ್ತದೆ, ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತಿದ್ದೂ ಉಂಟು. ಅಂಥ ರಸ್ತೆ ದಾಟಿ ಬಂದವರು ಗಾಡಿ ನಿಲ್ಲಿಸಿ, ತಣ್ಣಗಾದ ಮೇಲೆ ಒಮ್ಮೆ ಬಗ್ಗಿ ನೋಡಿ ಸುತ್ತಿಕೊಂಡದ್ದನ್ನು ಕತ್ತರಿಸಿ ತೆಗೆಯಬೇಕು. ಎಳೆದು ಕೀಳಬಾರದು.

ಸದ್ದಿನಿಂದಲೇ ಅರ್ಧ ರೋಗ ತಿಳಿಯುತ್ತದೆ. ಪೂರ್ತಿ ತಿರುವಿನಲ್ಲಿ ಟಕಟಕ ಎಂದರೆ ಹೊರಗಿನ ಜಾಯಿಂಟು. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ತುಳಿದಾಗ ಗಾಡಿಯ ಮೂತಿ ಅಲ್ಲಾಡಿದರೆ ಒಳಗಿನದು. ವೇಗಕ್ಕೆ ತಕ್ಕಂತೆ ಏರುವ ‘ಹೂಂ’ ಎಂಬ ಮೊರೆತ, ಲೇನು ಬದಲಿಸಿ ಭಾರ ಒಂದು ಪಕ್ಕಕ್ಕೆ ವಾಲಿದಾಗ ಹೆಚ್ಚುಕಡಿಮೆಯಾದರೆ ಅದು ಹಬ್ಬಿನ ಬೇರಿಂಗು. ಈ ಮೂರನ್ನೂ ‘ಆಕ್ಸೆಲ್ ಸೌಂಡು’ ಎಂದೇ ಕರೆದು ಎಲ್ಲವನ್ನೂ ಬದಲಿಸಿಬಿಟ್ಟರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಬೂಟಷ್ಟೇ ಹರಿದು ಸದ್ದಿನ್ನೂ ಶುರುವಾಗಿಲ್ಲದಿದ್ದರೆ ಬೂಟು, ಗ್ರೀಸು, ಕ್ಲಿಪ್ಪು ಬದಲಿಸಿದರೆ ಸಾಕು. ಆದರೆ ಅದಕ್ಕೂ ಆಕ್ಸೆಲ್ ಹೊರಬರಬೇಕು.

ಕೆಲಸ ಶುರುವಾಗುವ ಮೊದಲು ಹಿಂದಿನ ಗಾಲಿಗಳಿಗೆ ಕಲ್ಲು ಅಥವಾ ಕಟ್ಟಿಗೆ ಕೊಡಬೇಕು, ಹ್ಯಾಂಡ್‌ಬ್ರೇಕ್ ಹಾಕಬೇಕು. ಗೇರಿನಲ್ಲಿ ನಿಲ್ಲಿಸಿದ್ದೇವೆ, ಸಾಕು ಎನ್ನುವಂತಿಲ್ಲ. ಆಕ್ಸೆಲ್ ಕಳಚಿದ ಕ್ಷಣ ಗೇರಿಗೂ ಗಾಲಿಗೂ ಸಂಬಂಧವೇ ಕಡಿದುಹೋಗುತ್ತದೆ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಕೆಲಸ ಕಲಿಯಲು ಬಂದ ಹುಡುಗರಂತೂ ಬೇಡವೇ ಬೇಡ. ಸ್ಟ್ಯಾಂಡು ಕೊಟ್ಟ ಮೇಲೆಯೇ ಮುಂದಿನ ಮಾತು.

ಹಬ್ಬಿನ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ತಟ್ಟಿ ಕೂರಿಸಿರುತ್ತಾರೆ, ತಾನಾಗಿ ತಿರುಗಿ ಬಿಚ್ಚಿಕೊಳ್ಳಬಾರದೆಂದು. ಕೆಲವು ಗಾಡಿಗಳಲ್ಲಿ ಇದರ ಬದಲು ಸ್ಪ್ಲಿಟ್ ಪಿನ್ ಇರುತ್ತದೆ. ತಟ್ಟಿದ ಅಂಚನ್ನು ಸಣ್ಣ ಚಾಣದಿಂದ ಮೊದಲು ಎತ್ತಬೇಕು. ಎತ್ತದೆ ಹಾಗೇ ತಿರುಗಿಸಿದರೆ ಶಾಫ್ಟಿನ ತ್ರೆಡ್ ಸವರಿಕೊಂಡು ಬರುತ್ತದೆ, ಇಡೀ ಜಾಯಿಂಟು ವ್ಯರ್ಥ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದರೆ, ಇನ್ನೊಬ್ಬರು ಉದ್ದ ಹಿಡಿಕೆಯ ಪಾನಾ ಹಾಕಿ ನಟ್ಟನ್ನು ಸಡಿಲಿಸಬಹುದು. ಆಮೇಲೆ ಲೋವರ್ ಆರ್ಮಿನ ಬಾಲ್ ಜಾಯಿಂಟು ಬಿಡಿಸಬೇಕು, ಬೇಕಿದ್ದರೆ ಟೈರಾಡಿನ ತುದಿಯನ್ನೂ ಬಿಡಿಸಿದರೆ ಹಬ್ಬನ್ನು ಹೊತ್ತ ನಕಲ್ ಹೊರಕ್ಕೆ ವಾಲುತ್ತದೆ, ಆಕ್ಸೆಲ್ಲಿನ ಹಲ್ಲು ತುದಿ ಹಬ್ಬಿನಿಂದ ಒಳಕ್ಕೆ ಜಾರುತ್ತದೆ. ಕ್ಯಾಲಿಪರ್ ತೆಗೆದಿದ್ದರೆ ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಬ್ರೇಕಿನ ರಬ್ಬರ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಆಕ್ಸೆಲ್ಲನ್ನೂ ಹಾಗೇ ಜೋಲುಬಿಡಬಾರದು. ಒಳಗಿನ ಜಾಯಿಂಟಿನ ಉರುಳೆಗಳು ಕಳಚಿ, ಹೊಸ ಬೂಟು ಸಹ ಹರಿದೀತು.

ಹತ್ತು ಮಳೆಗಾಲ ಕಂಡ ಗಾಡಿಯಲ್ಲಿ ಇದು ಹೀಗೆ ಸಲೀಸಾಗಿ ಆಗುವುದು ಅಪರೂಪ. ಹಬ್ಬಿನ ಹಲ್ಲುಗಳಿಗೂ ಶಾಫ್ಟಿನ ಹಲ್ಲುಗಳಿಗೂ ನಡುವೆ ತುಕ್ಕು ಕೂತು ಎರಡೂ ಒಂದಾಗಿರುತ್ತವೆ. ಸುತ್ತಿಗೆ ಹೊರಬರುವುದು ಇಲ್ಲೇ. ಶಾಫ್ಟಿನ ತುದಿಗೆ ನೇರ ಹೊಡೆದರೆ ತುದಿ ಅಣಬೆಯಂತೆ ಅರಳಿ, ಆಮೇಲೆ ಹಬ್ಬಿನ ತೂತಿನಿಂದ ಅದು ಹೊರಬರುವುದೇ ಇಲ್ಲ. ಹೊಡೆತದ ಪೆಟ್ಟು ಬೇರಿಂಗಿನ ಗುಂಡುಗಳ ಹಾದಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳಿಸುತ್ತದೆ. ಎರಡು ತಿಂಗಳಾದ ಮೇಲೆ ಮೊರೆತ ಶುರುವಾಗಿ, ಬೇರಿಂಗು ‘ಲೋಕಲ್’ ಇತ್ತು ಎಂಬ ತೀರ್ಪು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸಮಯ ಕೊಡಬೇಕು. ಹಳೆಯ ನಟ್ಟನ್ನು ತುದಿಗೆ ಸಮವಾಗಿ ಬರುವಷ್ಟು ತಿರುಗಿಸಿಟ್ಟು, ಮೇಲೆ ಹಿತ್ತಾಳೆ ಅಥವಾ ಗಟ್ಟಿ ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟಿ ನೋಡಬಹುದು. ಬಗ್ಗದಿದ್ದರೆ ಪುಲ್ಲರ್. ಹಬ್ಬಿನ ಬೋಲ್ಟುಗಳಿಗೆ ಅದನ್ನು ಬಿಗಿದು ನಡುವಿನ ಸ್ಕ್ರೂ ತಿರುಗಿಸಿದರೆ ಒತ್ತಡ ನೇರವಾಗಿ, ಒಂದೇ ಸಮನಾಗಿ ಬೀಳುತ್ತದೆ. ಗ್ಯಾಸ್ ಹಚ್ಚಿ ಕಾಯಿಸುವುದು ಸರಿಯಲ್ಲ: ಬೇರಿಂಗಿನ ಗ್ರೀಸು ಕರಗಿ ಸೀಲು ಸುಡುತ್ತದೆ.

ಬೇರಿಂಗನ್ನೇ ಬದಲಿಸಬೇಕಾದರೆ ನಕಲ್ ಕಳಚಿ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯುತ್ತಾರೆ. ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಾಡಿನುದ್ದಕ್ಕೂ ಹೋದವು. ಕಾರ್ಖಾನೆ ಮುಚ್ಚಿದರೂ ಆ ಯಂತ್ರಗಳು ಎಷ್ಟೋ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿವೆ. ಪ್ರೆಸ್ಸಿನಲ್ಲಿ ಒಂದೇ ನಿಯಮ. ನಕಲ್ಲಿನೊಳಗೆ ಬೇರಿಂಗು ಕೂರಿಸುವಾಗ ಅದರ ಹೊರಬಳೆಯ ಮೇಲೆ ಒತ್ತಬೇಕು, ಬೇರಿಂಗಿನೊಳಗೆ ಹಬ್ಬು ಕೂರಿಸುವಾಗ ಒಳಬಳೆಗೆ ಆಸರೆ ಕೊಡಬೇಕು. ತಪ್ಪಿದರೆ ಹಲವು ಟನ್ನಿನ ಒತ್ತಡ ಗುಂಡುಗಳ ಮೂಲಕ ಹಾಯ್ದು, ಹೊಸ ಬೇರಿಂಗು ಗಾಡಿಗೆ ಏರುವ ಮೊದಲೇ ಹಳತಾಗಿರುತ್ತದೆ.

ಈಗ ಆ ನಟ್ಟಿನ ವಿಚಾರ. ನಟ್ಟು ಇರುವುದು ಆಕ್ಸೆಲ್ ಹೊರಬರದಂತೆ ತಡೆಯಲಿಕ್ಕೆ ಎಂದೇ ಬಹಳ ಜನರ ತಿಳಿವಳಿಕೆ. ಅದರ ಕೆಲಸ ಅಷ್ಟೇ ಅಲ್ಲ. ಮುಂಗಾಲಿಯ ಬೇರಿಂಗಿನಲ್ಲಿ ಗುಂಡುಗಳು ಎರಡು ಸಾಲಿನಲ್ಲಿವೆ. ಹೊರಬಳೆ ಒಂದೇ ತುಂಡು, ಒಳಬಳೆ ಎರಡು ತುಂಡು, ಎರಡೂ ಒಂದಕ್ಕೊಂದು ತಾಗಿ ನಿಂತಿರುತ್ತವೆ. ನಟ್ಟು ಬಿಗಿದಾಗ ಹೊರಗಿನಿಂದ ಹಬ್ಬು, ಒಳಗಿನಿಂದ ಸಿವಿ ಜಾಯಿಂಟಿನ ಭುಜ ಸೇರಿ ಈ ಎರಡು ಒಳಬಳೆಗಳನ್ನು ಅಮುಕಿ ಹಿಡಿಯುತ್ತವೆ. ಆ ಅಮುಕಿನಿಂದಲೇ ಗುಂಡುಗಳಿಗೂ ಹಾದಿಗೂ ನಡುವಿನ ಅಂತರ ಮೈಕ್ರಾನ್‌ಗಳ ಲೆಕ್ಕದಲ್ಲಿ ಸರಿಯಾಗುವುದು. ನಟ್ಟು, ಆಕ್ಸೆಲ್, ಹಬ್ಬು ಮೂರೂ ಕೂಡಿ ಬೇರಿಂಗು ಪೂರ್ತಿಯಾಗುತ್ತದೆ. ಅದಕ್ಕೇ ಆಕ್ಸೆಲ್ ಕಳಚಿದ ಗಾಡಿಯನ್ನು ಗಾಲಿ ಹಾಕಿ ನೆಲಕ್ಕಿಳಿಸಿ, ಗ್ಯಾರೇಜಿನ ಮೂಲೆಗೆ ನೂಕುವುದು ದೊಡ್ಡ ತಪ್ಪು. ಹಿಡಿತ ತಪ್ಪಿದ ಒಳಬಳೆಗಳು ಗಾಡಿಯ ಭಾರಕ್ಕೆ ಬಾಯಿ ಬಿಡುತ್ತವೆ, ಗುಂಡುಗಳು ಅಂಚು ಹತ್ತುತ್ತವೆ. ನೂಕಲೇಬೇಕಾದರೆ ಹಳೆಯ ಜಾಯಿಂಟಿನ ತುದಿಯನ್ನಾದರೂ ಹಬ್ಬಿಗೆ ಹಾಕಿ ನಟ್ಟು ಬಿಗಿದಿರಬೇಕು.

ಎಷ್ಟು ಬಿಗಿಯಬೇಕು? ಗಾಲಿಯ ನಾಲ್ಕೈದು ನಟ್ಟುಗಳಿಗೆ 100 ನ್ಯೂಟನ್ ಮೀಟರಿನ ಆಸುಪಾಸು ಸಾಕಾದರೆ, ನಡುವಿನ ಈ ನಟ್ಟಿಗೆ ಹೆಚ್ಚಿನ ಕಾರುಗಳಲ್ಲಿ 175ರಿಂದ 300 ನ್ಯೂಟನ್ ಮೀಟರ್ ಬೇಕು. ಗಾಡಿಯ ಮಾದರಿಗೆ ತಕ್ಕ ಅಂಕಿ ಕಂಪನಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. 200 ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 20 ಕಿಲೋ ಭಾರ ನೇತುಹಾಕಿದಷ್ಟು. ಪೈಪಿನ ಮೇಲೆ ಹತ್ತಿ ನಿಂತು ಕುಣಿದರೆ ಬೀಳುವುದು ಇದರ ಮೂರು ನಾಲ್ಕು ಪಟ್ಟು. ಇಂಪ್ಯಾಕ್ಟ್ ಗನ್ನಿನಲ್ಲಿ ‘ಟರ್ರ್’ ಎನಿಸಿ ಬಿಟ್ಟರೆ ಎಷ್ಟು ಬಿತ್ತೋ ಗನ್ನಿಗೂ ಗೊತ್ತಿಲ್ಲ, ಹಿಡಿದವನಿಗೂ ಗೊತ್ತಿಲ್ಲ. ಕಡಿಮೆಯಾದರೆ ಒಳಬಳೆ ಜಾರಿ ಸವೆಯುತ್ತದೆ, ಹಲ್ಲುಗಳು ಆಡಿ ಆಡಿ ತೇಯುತ್ತವೆ. ಹೆಚ್ಚಾದರೆ ತ್ರೆಡ್ ಹಿಗ್ಗುತ್ತದೆ, ಬೇರಿಂಗಿಗೂ ಒಳ್ಳೆಯದಲ್ಲ. ಇದಕ್ಕೆ ಇರುವ ಸಾಧನ ಟಾರ್ಕ್ ವ್ರೆಂಚ್ ಒಂದೇ. ಎಂಜಿನ್ ಹೆಡ್ ಬಿಗಿಯುವಾಗ ಅದನ್ನು ಬಿಡದೆ ಹಿಡಿಯುವ ನಮ್ಮ ಮಿಸ್ತ್ರಿಗಳು ಹಬ್ಬಿನ ನಟ್ಟಿಗೂ ಹಿಡಿಯಲಿ ಎಂಬುದಷ್ಟೇ ನನ್ನ ಬೇಡಿಕೆ.

ಕೈರೂಢಿಯ ಮೇಲೆ ಬಿಡಬಾರದೆನ್ನಲು ಕೃಷಿ ಜಿಲ್ಲೆಯಾದ ನಮ್ಮಲ್ಲಿ ಇನ್ನೊಂದು ಕಾರಣವಿದೆ. ಇಲ್ಲಿ ಬಹಳಷ್ಟು ಕೈಗಳು ಪಳಗುವುದು ಟ್ರ್ಯಾಕ್ಟರ್ ಟ್ರೇಲರಿನ ಗಾಲಿಯಲ್ಲಿ. ಟ್ರೇಲರಿನ ಹಬ್ಬಿನಲ್ಲಿರುವುದು ಎದುರುಬದುರು ಕೂತ ಎರಡು ಟೇಪರ್ ರೋಲರ್ ಬೇರಿಂಗುಗಳು. ಅಲ್ಲಿ ಗಾಲಿಯನ್ನು ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ತುಸು ಹಿಂದಕ್ಕೆ ಬಿಟ್ಟು, ಗಾಲಿ ಹಗುರಾಗಿ ತಿರುಗುವಂತೆ ಮಾಡಿ, ಸ್ಪ್ಲಿಟ್ ಪಿನ್ ಹಾಕಬೇಕು. ಜಾಸ್ತಿ ಬಿಗಿದರೆ ಗೋವಿನಜೋಳ ಹೇರಿಕೊಂಡು ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಹಬ್ಬು ಕಾದು ಬೇರಿಂಗು ಹಿಡಿದುಬಿಡುತ್ತದೆ. ಅಲ್ಲಿ ಅದು ಸರಿಯಾದ ವಿದ್ಯೆ, ವರ್ಷಗಟ್ಟಲೆ ಮಾಡಿ ಕೈಗೆ ಬಂದ ವಿದ್ಯೆ. ಅದೇ ಕೈ ಕಾರಿನ ಮುಂಗಾಲಿಗೆ ಬಂದು ‘ಸ್ವಲ್ಪ ಲೂಸ್ ಬಿಡೋಣು’ ಎಂದರೆ ಕೆಡುತ್ತದೆ. ಮುಂದೆ ಇರುವುದು ಯಾವ ಬೇರಿಂಗು ಎಂದು ನೋಡಿಯೇ ಪಾನಾ ಎತ್ತಬೇಕು.

ಲಾರಿಯದು ಇವೆರಡಕ್ಕಿಂತ ಬೇರೆ, ಸೊಗಸಾದ ಏರ್ಪಾಡು. ಡಿಸೆಂಬರಿನಿಂದ ಬೇಸಿಗೆಯವರೆಗೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಚೀಲ ಹೇರಿದ ಲಾರಿಗಳು ಸಾಲುಗಟ್ಟುತ್ತವೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಕೆಂಪು ಕಾಯಿ ಹಗುರ. ಆದರೆ ಎತ್ತರೆತ್ತರಕ್ಕೆ ಹೇರಿ ಗಾಡಿ ಹೊರಳಾಡುತ್ತ ಬರುತ್ತದೆ. ಭಾರದ ಲಾರಿಯ ಹಿಂಗಾಲಿಯ ನಡುವೆ ಬೋಲ್ಟುಗಳ ಒಂದು ಸುತ್ತು ಕಾಣುತ್ತದಲ್ಲ, ಅದನ್ನು ಬಿಚ್ಚಿ ಎಳೆದರೆ ಉದ್ದನೆಯ ಆಕ್ಸೆಲ್ ಹಾಗೇ ಹೊರಬರುತ್ತದೆ. ಜಾಕ್ ಬೇಡ, ಗಾಲಿ ಕಳಚುವುದು ಬೇಡ, ಲಾರಿ ತನ್ನ ಕಾಲ ಮೇಲೆ ನಿಂತೇ ಇರುತ್ತದೆ. ಅಲ್ಲಿ ಭಾರ ಹೊರುವುದು ಹೊರಗಿನ ಕೊಳವೆ ಮತ್ತು ಹಬ್ಬಿನ ಬೇರಿಂಗು. ಆಕ್ಸೆಲ್ಲಿಗೆ ತಿರುಗಿಸುವ ಕೆಲಸ ಮಾತ್ರ. ಅದಕ್ಕೇ ಚಾಲಕರು ರಸ್ತೆಬದಿಯಲ್ಲೇ ಮುರಿದದ್ದನ್ನು ತೆಗೆದು ಹೊಸದನ್ನು ತೂರಿಸಿ ಹೊರಡಬಲ್ಲರು. ಓಮ್ನಿಯಂಥ ಹಿಂಗಾಲಿ ಚಾಲನೆಯ ಸಣ್ಣ ಗಾಡಿಯಲ್ಲಿ ಆಕ್ಸೆಲ್ಲೇ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಗಾಲಿಯೇ ಕಳಚಿಹೋಗಬಹುದು.

ಮುಂಗಾಲಿ ಚಾಲನೆಯ ಕಾರಿನಲ್ಲಿ ಒಂದು ಬದಿಯ ಆಕ್ಸೆಲ್ ಮುರಿದರೆ ಅಥವಾ ಕಳಚಿದರೆ ಎಂಜಿನ್ ಓಡುತ್ತದೆ, ಗೇರು ಬೀಳುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಡಿಫರೆನ್ಷಿಯಲ್ ಎದುರಾಳಿಯಿಲ್ಲದ ಆ ಬದಿಗೇ ಎಲ್ಲ ತಿರುಗುವಿಕೆಯನ್ನೂ ಹರಿಸಿಬಿಡುತ್ತದೆ. ನಡುರಸ್ತೆಯಲ್ಲಿ ಇಂಥದ್ದಾದರೆ ಜನರನ್ನು ಇಳಿಸಿ, ತಡೆಗಂಬಿಯ ಆಚೆ ಕಳಿಸಿ, ಗಾಡಿಯನ್ನು ಅಂಚಿಗೆ ನೂಕಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಡುವುದು ಮೊದಲ ಕೆಲಸ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತಿದ್ದ ಲಾರಿಗೆ ಮಿನಿ ಬಸ್ಸೊಂದು ಗುದ್ದಿ 13 ಜನ ಜೀವ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಈ ಹೆದ್ದಾರಿಯಲ್ಲಿ ನಿಂತ ವಾಹನ ಯಾವ ಕಾರಣಕ್ಕೇ ನಿಂತಿರಲಿ, ಹಿಂದಿನಿಂದ ಬರುವವರಿಗೆ ಅದು ಕಾಣುವುದು ಬಹಳ ತಡವಾಗಿ. ಟಕಟಕ ಎನ್ನುವ ಜಾಯಿಂಟನ್ನು ಊರಲ್ಲೇ ಇರುವಾಗ ಬಿಚ್ಚಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಕೂರಿಸುವಾಗ ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೆಳುವಾಗಿ ಗ್ರೀಸು ಸವರಿ ಹಬ್ಬಿಗೆ ತೂರಿಸಬೇಕು. ಇಂದು ಇಷ್ಟು ಮಾಡಿದರೆ ಮುಂದಿನ ಸಲ ಸುತ್ತಿಗೆಯ ಮಾತೇ ಬರದು. ಗೇರ್‌ಬಾಕ್ಸಿನ ತುದಿಗೆ ಹೊಸ ಸ್ನ್ಯಾಪ್ ರಿಂಗ್ ಹಾಕಿ, ಸೀಲಿನ ತುಟಿಗೆ ಎಣ್ಣೆ ಸವರಿ, ‘ಕಟ್’ ಎನ್ನುವವರೆಗೆ ಒತ್ತಿ, ಜಾಯಿಂಟಿನ ಮೈ ಹಿಡಿದು ಎಳೆದು ನೋಡಬೇಕು. ನಡುವಿನ ಸರಳು ಹಿಡಿದು ಎಳೆದರೆ ಉರುಳೆ ಕಳಚುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಸೆನ್ಸರಿನ ತಂತಿ ಮತ್ತು ಹಲ್ಲುಬಳೆಗೆ ಪೆಟ್ಟಾಗದಿರಲಿ. ಹೊಸ ಬೇರಿಂಗುಗಳಲ್ಲಿ ಸೀಲಿನೊಳಗೇ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದನ್ನು ತಿರುಗುಮುರುಗಾಗಿ ಕೂರಿಸಿದರೆ ಡ್ಯಾಶ್‌ಬೋರ್ಡಿನ ದೀಪ ಆರುವುದಿಲ್ಲ. ಹಬ್ಬಿಗೆ ಹೊಸ ನಟ್ಟೇ ಹಾಕಬೇಕು: ಒಮ್ಮೆ ಅಂಚು ತಟ್ಟಿಸಿಕೊಂಡ ನಟ್ಟು ಮತ್ತೆ ಅದೇ ಜಾಗಕ್ಕೆ ಬಂದರೆ ತಟ್ಟಲು ಲೋಹ ಉಳಿದಿರುವುದಿಲ್ಲ. ಸಾವಿರಾರು ರೂಪಾಯಿಯ ಆಕ್ಸೆಲ್ ತಂದು ಇದೊಂದರಲ್ಲಿ ಉಳಿಸಲು ಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗಾಲಿ ನೆಲಕ್ಕೆ ತಾಗುವ ಮೊದಲೇ, ಬ್ರೇಕ್ ಒತ್ತಿ ಹಿಡಿಸಿ, ಟಾರ್ಕ್ ವ್ರೆಂಚಿನಿಂದ ಅಂಕಿ ಮುಟ್ಟಿಸಿ, ಅಂಚನ್ನು ಶಾಫ್ಟಿನ ತೋಡಿನೊಳಗೆ ತಟ್ಟಬೇಕು. ಆಮೇಲೆ ಚೆಲ್ಲಿದಷ್ಟು ಗೇರ್ ಆಯಿಲ್ ತುಂಬಬೇಕು. ಈ ಕೊನೆಯದನ್ನು ಮರೆತ ಗ್ಯಾರೇಜಿನಿಂದ ಹೊರಟ ಗಾಡಿ ಆಕ್ಸೆಲ್ ರಿಪೇರಿಯ ಬದಲು ಗೇರ್‌ಬಾಕ್ಸ್ ರಿಪೇರಿಗೆ ತಿರುಗಿ ಬರುತ್ತದೆ.

ಮಾಲೀಕರು ಗಾಡಿ ತೆಗೆದುಕೊಳ್ಳುವಾಗ ಹಳೆಯ ನಟ್ಟು, ಹಳೆಯ ಬೂಟು ಕೇಳಿ ನೋಡಬಹುದು. ಹಾವೇರಿಯ ಜಿಲ್ಲಾ ಕ್ರೀಡಾಂಗಣದ ಬದಿಯಂಥ ಬಯಲು ಸಿಕ್ಕರೆ ಸ್ಟಿಯರಿಂಗ್ ಪೂರ್ತಿ ಎಳೆದು ಎಡಕ್ಕೊಂದು, ಬಲಕ್ಕೊಂದು ನಿಧಾನ ಸುತ್ತು ಹೊಡೆಯಬೇಕು, ಗಾಜು ಇಳಿಸಿ ಕೇಳಬೇಕು. ಹೆದ್ದಾರಿಯಲ್ಲಿ ರಾಣೆಬೆನ್ನೂರಿನವರೆಗೆ ಹೋಗಿ ಬಂದು ಗಾಲಿಯ ನಡುಭಾಗಕ್ಕೆ ಅಂಗೈ ಹತ್ತಿರ ಒಯ್ದು, ಎಡಬಲದ ಕಾವು ಒಂದೇ ಇದೆಯೇ ನೋಡಬೇಕು. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ ಎಂದು ಬಗ್ಗಿ ನೋಡಬೇಕು. ಒಂದು ವಾರದ ಓಡಾಟದ ಮೇಲೆ ಗಾಲಿಯ ನಟ್ಟುಗಳನ್ನು, ಬೂಟಿನ ಕ್ಲಿಪ್ಪುಗಳನ್ನು ಮತ್ತೊಮ್ಮೆ ತೋರಿಸಿಕೊಂಡರೆ ಆ ಆಕ್ಸೆಲ್ಲಿನ ಕೆಲಸ ಮುಗಿದಂತೆ.